ತೊಟ್ಟಿಲಿಗೆ ಕಟ್ಟಿದ ಕಂಪ್ಯೂಟರು

ಕಂಪ್ಯೂಟರಿನ ಪರದೆಯ ಕೆಳಗೆ, ಬಲಮೂಲೆಯಲ್ಲಿ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ದೀಪವಿರುತ್ತದೆ. ಪರದೆ ಎಚ್ಚರವಾಗಿದ್ದರೆ ಅದು ಹಸಿರು, ನಿದ್ದೆ ಹೋದರೆ ಕಿತ್ತಳೆ. ಇಷ್ಟು ಸಣ್ಣ ದೀಪವನ್ನು ನೀವು ಗಮನಿಸಿರಲಾರಿರಿ; ಸುಖವಾಗಿರುವ ಯಾರಿಗೂ ಅದನ್ನು ಗಮನಿಸುವ ಅಗತ್ಯವಿಲ್ಲ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ, ಸೊರಬದ ಪೇಟೆಬೀದಿಯ ಒಂದು ಮನೆಯಲ್ಲಿ, ಐದು ಜನ ದೊಡ್ಡವರು, ಒಂದು ಹಸುಗೂಸು ಮತ್ತು ಒಂದು ಗುಂಡುಕಲ್ಲು ಹೆಚ್ಚುಕಡಿಮೆ ಹದಿನೈದು ದಿನ ಈ ದೀಪದ ಬಣ್ಣಕ್ಕೆ ತಕ್ಕಂತೆ ಬದುಕಿದ್ದುಂಟು. ಅದಕ್ಕೆ ಕಾರಣ ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಯಲ್ಲಿ ಒಪ್ಪಿಕೊಂಡರೆ ಸಿಕ್ಕಿಬಿದ್ದ ಹಾಗೆ ಕಾಣುತ್ತದೆ, ಮೊದಲೇ ಒಪ್ಪಿಕೊಂಡರೆ ಸಜ್ಜನಿಕೆಯ ಹಾಗೆ.

ಆ ಕಾಲಕ್ಕೆ ನನ್ನ ಬಳಿ ಎರಡು ವಿದ್ಯೆಗಳಿದ್ದವು. ಯಾರು ಎದುರು ಕೂತು ಮಾತಾಡಿದರೂ ಅವರು ಎದ್ದುಹೋಗುವುದರೊಳಗೆ ಅವರ ದನಿಯನ್ನು ಕದಿಯುವುದು ಒಂದು; ಶಿಕಾರಿಪುರದಲ್ಲಿ ಆರು ವಾರ ಕಲಿತ ಕಂಪ್ಯೂಟರು ಇನ್ನೊಂದು. ಮೊದಲನೆಯದನ್ನು ಯಾರೂ ಕಲಿಸಿರಲಿಲ್ಲ, ಆದ್ದರಿಂದ ಚೆನ್ನಾಗಿ ಬರುತ್ತಿತ್ತು. ಎರಡನೆಯದನ್ನು ಕಲಿಸಿದ್ದರು. ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಾಲ್ವರಿಗೊಂದು ಯಂತ್ರ. ನನ್ನದು ಎಡತುದಿಯ ಸ್ಟೂಲು. ಅಲ್ಲಿಂದ ಪರದೆ ಕಾಣುತ್ತಿದ್ದದ್ದು ಓರೆಯಾಗಿ, ಜ್ಞಾನ ಬರುತ್ತಿದ್ದದ್ದು ಇನ್ನೂ ಓರೆಯಾಗಿ. ಹಾಗಾಗಿ ಆರು ವಾರದಲ್ಲಿ ನಾನು ಪರಿಪೂರ್ಣವಾಗಿ ಕಲಿತದ್ದು ಇನ್‌ಸ್ಟ್ರಕ್ಟರರ ದನಿಯನ್ನು ಮಾತ್ರ. ಮೂಗಿನಿಂದ ಹೊರಟು, ಕನ್ನಡಕದ ಮೇಲೆ ಹಾದು, ತಾರಸಿಗೆ ಬಡಿದು ನಮ್ಮ ತಲೆಯ ಮೇಲೆ ಉದುರುತ್ತಿದ್ದ ದನಿ ಅದು. "ನೋಡ್ರಿ, ಸೆಟ್ಟಿಂಗ್ ಅಂದ್ರ ಸೆಟ್ಟಿಂಗು" ಎಂದು ಅವರು ಹೇಳಿದರೆ ಮುಂದೆ ಕೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಆ ದನಿಯಲ್ಲಿ ನಾನು ಏನು ಹೇಳಿದರೂ ನನಗೇ ನಂಬಿಕೆ ಬರುತ್ತಿತ್ತು. ಅನರ್ಥದ ಬೀಜ ಇಲ್ಲಿದೆ.

ನನ್ನ ಅಕ್ಕ ಗಿರಿಜಾ ಮದುವೆಗೆ ಮುಂಚೆ ಶಿಕಾರಿಪುರದಲ್ಲಿ ಬೆರಳಚ್ಚು ಕಲಿಸುತ್ತಿದ್ದವಳು. ಕಣ್ಣು ಮುಚ್ಚಿ, ಪಕ್ಕದವರ ಜೊತೆ ಮಾತಾಡುತ್ತ, ತಪ್ಪಿಲ್ಲದೆ ಒಂದು ಪುಟ ಹೊಡೆಯಬಲ್ಲವಳು. ಸೊರಬಕ್ಕೆ ಸೊಸೆಯಾಗಿ ಹೋದ ಮೇಲೆ ಆ ಹತ್ತು ಬೆರಳುಗಳಿಗೆ ಅವರೆಕಾಯಿ ಸುಲಿಯುವುದರ ಹೊರತು ಬೇರೆ ವೇಗದ ಕೆಲಸ ಸಿಕ್ಕಿರಲಿಲ್ಲ. ಎರಡು ವರ್ಷ ಭಾವನ ಕಿವಿಯಲ್ಲಿ ಮೆಲ್ಲನೆ ಹೇಳಿ ಹೇಳಿ, ಕಡೆಗೂ ಕನ್ನಡ ಅಕ್ಷರ ಬರುವ ಒಂದು ಕಂಪ್ಯೂಟರನ್ನು ಶಿವಮೊಗ್ಗದಿಂದ ತರಿಸಿಕೊಂಡಳು. ನಡುಮನೆಯ ಕಿಟಕಿಯ ಪಕ್ಕ ಅದನ್ನಿಟ್ಟು, ಊರವರ ಬರಹಗಳನ್ನು ಅಚ್ಚಿಗೆ ಸಿದ್ಧ ಮಾಡಿಕೊಡುವ ಕೆಲಸ ಹಿಡಿದಳು. ಅದರ ಮುಂದೆ ಕೂತ ಹೊತ್ತು ಅವಳು ಯಾರ ಸೊಸೆಯೂ ಅಲ್ಲ, ಯಾರ ತಾಯಿಯೂ ಅಲ್ಲ. ಶಿಕಾರಿಪುರದ ಗಿರಿಜಾ ಮೇಡಮ್ಮು. ನಾನು ಬೇರೆ ಎಲ್ಲವನ್ನೂ ಅಣಕಿಸಿದ್ದೇನೆ, ಆ ಕೂತ ಭಂಗಿಯನ್ನು ಮಾತ್ರ ಅಣಕಿಸಿಲ್ಲ.

ಅವಳ ಮಾವ ಗುರುಬಸಪ್ಪನವರದು ಹಗ್ಗದ ಅಂಗಡಿ. ಎತ್ತಿಗೆ ಮೂಗುದಾರ, ಕರುವಿಗೆ ಕಣ್ಣಿ, ಬಾವಿಗೆ ಸೇದುಹಗ್ಗ, ಗಾಡಿಗೆ ಮಿಣಿ, ತೊಟ್ಟಿಲಿಗೆ ಹತ್ತಿಯ ಹುರಿ. ಜಗತ್ತಿನಲ್ಲಿ ಬಿಡಿಯಾಗಿರುವ ಪ್ರತಿಯೊಂದನ್ನೂ ಇನ್ನಾವುದಕ್ಕಾದರೂ ಕಟ್ಟಬಹುದು, ಕಟ್ಟಬೇಕು ಎಂಬುದು ಆ ಮನೆತನದ ತತ್ತ್ವಶಾಸ್ತ್ರ. ಒಳ್ಳೆಯ ಮನುಷ್ಯರು, ಕಂಪ್ಯೂಟರು ಬೇಡ ಎನ್ನಲಿಲ್ಲ. ಅದು ಬಂದ ಎರಡು ರಟ್ಟಿನ ಪೆಟ್ಟಿಗೆಗಳನ್ನು ಮಾತ್ರ ಬಿಸಾಡಲು ಬಿಡದೆ, ಥರ್ಮಾಕೋಲು ಸಮೇತ ಅಟ್ಟದ ಮೇಲಿಟ್ಟು, ಪಕ್ಕದಲ್ಲಿ ಅಳತೆ ಮಾಡಿದ ತೆಂಗಿನ ನಾರಿನ ಹಗ್ಗವೊಂದನ್ನು ಸುರುಳಿ ಸುತ್ತಿ ಇಟ್ಟರು. ಏಕೆಂದರೆ ಅವರಿಗೆ ಕಂಪ್ಯೂಟರಿನ ಮೇಲೆ ದ್ವೇಷವಿರಲಿಲ್ಲ, ಕರೆಂಟಿನ ಮೇಲೆ ಪ್ರೀತಿಯಿತ್ತು.

ಅವರ ಜಗಲಿಯ ಗೋಡೆಯಲ್ಲಿ ಕರೆಂಟಿನ ಮೀಟರಿತ್ತು. ಗಾಜಿನ ಹಿಂದೆ ಅಡ್ಡಡ್ಡಲಾಗಿ ತಿರುಗುವ ಅಲ್ಯೂಮಿನಿಯಂ ಚಕ್ರ, ಅದರ ಅಂಚಿನಲ್ಲೊಂದು ಕೆಂಪು ಗುರುತು. ಮಾವನವರು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯನ್ನು ಭಾವನ ಕೈಗೆ ಕೊಟ್ಟು ಬಂದು, ಕೈಕಾಲು ತೊಳೆದು, ಮೀಟರಿನ ಎದುರು ಬೆಂಚಿನ ಮೇಲೆ ಕೂತು, ಕೆಂಪು ಗುರುತು ಒಮ್ಮೆ ಕಂಡಲ್ಲಿಂದ ಮತ್ತೊಮ್ಮೆ ಕಾಣುವ ತನಕ ಪಂಚಾಕ್ಷರಿ ಜಪಿಸುತ್ತಿದ್ದರು. ದೇವರ ಧ್ಯಾನವೂ ಆಯಿತು, ಮನೆಯ ಮೇಲೊಂದು ಕಣ್ಣೂ ಆಯಿತು. ಬರೀ ಫ್ಯಾನು, ಒಂದು ದೀಪ ಇದ್ದಾಗ ಚಕ್ರದ ಒಂದು ಸುತ್ತಿಗೆ ಮೂವತ್ತು 'ನಮಃ ಶಿವಾಯ' ಹಿಡಿಯುತ್ತಿತ್ತು. ಕಂಪ್ಯೂಟರು ಬಂದ ಮೇಲೆ ಹದಿಮೂರು. ಅಕ್ಕ ಅಡುಗೆಮನೆಯಲ್ಲಿದ್ದರೂ ಪರದೆ ಉರಿಯುತ್ತಲೇ ಇರುತ್ತಿತ್ತು. ಆರಿಸಿ ಮತ್ತೆ ಹಚ್ಚಿದರೆ ಅದು ಮೈಮುರಿದು ಏಳುವಷ್ಟರಲ್ಲಿ ಒಂದು ಪಲ್ಯ ಬೇಯುತ್ತಿತ್ತು. ವಿದ್ಯುತ್ತನ್ನು ಹೀಗೆ ಶಿವನಾಮದಿಂದ ಅಳೆಯುವ ಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ದಿನ ಅವರು ಅಕ್ಕನನ್ನು ಕರೆದು ಶಾಂತವಾಗಿ ಹೇಳಿದರಂತೆ:

"ಗಿರಿಜಾ, ಒಂದು ಸುತ್ತಿಗೆ ಇಪ್ಪತ್ತು ನಮಃ ಶಿವಾಯಕ್ಕಿಂತ ಕಡಿಮೆ ಆದ್ರೆ ನಾನು ಅಟ್ಟದಿಂದ ಪೆಟ್ಟಿಗೆ ಇಳಿಸ್ತೀನಿ, ಇದನ್ನ ಕಟ್ಟಿ ವಾಪಸ್ ಕಳಿಸ್ತೀನಿ. ಆಮೇಲೆ ಏನೂ ಅನ್ಕಬಾರ್ದು."

ಅಕ್ಕ ನನಗೆ ಫೋನು ಮಾಡಿದಳು. ನಮ್ಮ ಓಣಿಯ ಬೂತಿನವನು ಬಂದು ಕರೆದ. "ನಿನ್ನ ಕೋರ್ಸಲ್ಲಿ ಕರೆಂಟ್ ಉಳಿಸೋದು ಏನಾದ್ರೂ ಹೇಳ್ಕೊಟ್ಟಾರೇನೋ?" ಎಂದಳು. ಹೇಳಿಕೊಟ್ಟಿದ್ದರು. ಪ್ಲಗ್ಗಿನ ಚಿತ್ರವಿರುವ ಒಂದು ಗುರುತನ್ನು ಒತ್ತಿದರೆ, ಎಷ್ಟು ಹೊತ್ತು ಸುಮ್ಮನಿದ್ದರೆ ಪರದೆ ಮಲಗಬೇಕು, ಎಷ್ಟು ಹೊತ್ತಿಗೆ ಒಳಗಿನ ಡಿಸ್ಕು ಮಲಗಬೇಕು, ಎಷ್ಟು ಹೊತ್ತಿಗೆ ಇಡೀ ಯಂತ್ರವೇ ಮುಸುಕೆಳೆಯಬೇಕು ಎಂದು ನಿಗದಿ ಮಾಡಬಹುದು. ನನ್ನ ಸ್ಟೂಲಿನಿಂದ ಅದು ಓರೆಯಾಗಿಯಾದರೂ ಕಂಡಿತ್ತು. ಮಾರನೆಯ ದಿನವೇ ಶಿರಾಳಕೊಪ್ಪದ ಮೇಲೆ ಹಾಯ್ದು ಹೋಗುವ ಬಸ್ಸು ಹತ್ತಿದೆ. ಶಿರಾಳಕೊಪ್ಪ ದಾಟುತ್ತಿದ್ದಂತೆ ಬಸ್ಸಿನೊಳಗಿನ ಮಾತು ಬದಲಾಗುತ್ತದೆ. ಅಲ್ಲಿಯವರೆಗೆ "ಸರೀರಿ, ಎಷ್ಟ್ ಜಗಾ ಬೇಕ್ರಿ ನಿಮಗ" ಎಂದು ತಳ್ಳುತ್ತಿದ್ದವರು ಇಳಿದು, "ಒಂಚೂರು ಆಕಡೆ ಹೋಗು ಮಾರಾಯ" ಎಂದು ತಳ್ಳುವವರು ಹತ್ತುತ್ತಾರೆ. ತಳ್ಳುವುದು ಅಷ್ಟೇ ಬಲವಾಗಿ. ನಾನು ದಾರಿಯುದ್ದಕ್ಕೂ ಎರಡನ್ನೂ ಅಭ್ಯಾಸ ಮಾಡಿಕೊಂಡು ಹೋದೆ.

ಮನೆಯವರೆಲ್ಲ ನೆರೆದಿದ್ದರು. ನಾನು ವೈದ್ಯನ ಗಾಂಭೀರ್ಯದಿಂದ ಪ್ಲಗ್ಗಿನ ಚಿತ್ರವನ್ನು ಒತ್ತಿ, ಪರದೆಗೆ ಒಂದು ನಿಮಿಷ, ಡಿಸ್ಕಿಗೆ ಮೂರು, ಇಡೀ ಯಂತ್ರಕ್ಕೆ ಐದು ಎಂದು ನಿಗದಿ ಮಾಡಿದೆ. "ಒಂದು ನಿಮಿಷ ಭಾಳ ಕಡಿಮೆ ಆತೇನೋ" ಎಂದಳು ಅಕ್ಕ. ಅಲ್ಲಿ ನಿಲ್ಲಿಸಬೇಕಿತ್ತು. ಆದರೆ ಮಾವನವರು ಹಿಂದೆ ನಿಂತು ಮೆಚ್ಚುಗೆಯಿಂದ ನೋಡುತ್ತಿದ್ದರು. ಮೆಚ್ಚುಗೆ ಬೆನ್ನಿಗೆ ತಾಗಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಇನ್‌ಸ್ಟ್ರಕ್ಟರರ ದನಿ ತಾನಾಗಿ ಹೊರಟಿತು: "ನೋಡ್ರಿ, ಸೆಟ್ಟಿಂಗ್ ಅಂದ್ರ ಸೆಟ್ಟಿಂಗು. ಒಮ್ಮೆ ಹಾಕಿದ್ರ ಆತು, ಬ್ರಹ್ಮ ಬಂದ್ರೂ ಬದಲ್ ಮಾಡಾಕ ಬರಂಗಿಲ್ಲ."

ಮಾವನವರು ತಲೆದೂಗಿದರು. ಅಕ್ಕ ನನ್ನನ್ನೊಮ್ಮೆ ನೋಡಿ ಸುಮ್ಮನಾದಳು. ಆ ನೋಟಕ್ಕೆ ಅರ್ಥವಿತ್ತೆಂದು ನನಗೆ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲೆ.

ಮೊದಲ ಎರಡು ದಿನ ನನಗೆ ಸಿಕ್ಕ ಸತ್ಕಾರವನ್ನು ಭಾವ ತನ್ನ ಮದುವೆಯಲ್ಲೂ ಪಡೆದಿರಲಾರ. ಹನ್ನೊಂದು ಗಂಟೆಗೆ ಅಕ್ಕ ಒಗ್ಗರಣೆಗೆ ಎದ್ದರೆ ಪರದೆ ತಟ್ಟನೆ ಕಪ್ಪಾಗಿ ಕಿತ್ತಳೆ ದೀಪ ಹತ್ತುತ್ತಿತ್ತು. ಜಗಲಿಯಲ್ಲಿ ಜಪ ಇಪ್ಪತ್ತೆರಡಕ್ಕೆ ಏರುತ್ತಿತ್ತು. "ಕೆಲ್ಸ ಇಲ್ದಾಗ ಕಣ್ಮುಚ್ಚುತ್ತಲ್ಲ, ಅದಕ್ಕೆ ಮರ್ಯಾದೆ ಗೊತ್ತೈತೆ" ಎಂದು ಮಾವನವರು ಕಂಪ್ಯೂಟರನ್ನು ಹೊಗಳಿದರು. ಹೇಳುವಾಗ ನಮ್ಮ ಭಾವನ ಕಡೆ ನೋಡಿದರು. ಆ ದನಿಯನ್ನೂ ನಾನು ಬತ್ತಳಿಕೆಗೆ ಸೇರಿಸಿಕೊಂಡೆ. ಮೊದಲು ಉಸಿರು, ಆಮೇಲೆ ಮಾತು, ಆಮೇಲೆ ಕೆಮ್ಮು.

ಮೂರನೆಯ ದಿನ ಕುಪ್ಪಗಡ್ಡೆಯ ಬಸ್ಸಿಗೆ ಕೆರಿಯಪ್ಪ ಮೇಷ್ಟ್ರು ಬಂದರು. ನಿವೃತ್ತರು, ಈ ಸೀಮೆಯಲ್ಲಿ ಹಿಂದೆ ಬೆಳೆಯುತ್ತಿದ್ದ ಭತ್ತದ ತಳಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಬರೆಯುತ್ತಿದ್ದರು ಎಂದರೆ ಹೇಳುತ್ತಿದ್ದರು: ಅವರು ಬಾಯಲ್ಲಿ ಹೇಳಬೇಕು, ಅಕ್ಕ ಹೊಡೆದುಕೊಳ್ಳಬೇಕು. ಅಕ್ಕನಿಗೆ ಸಿಕ್ಕ ಮೊದಲ ಇಡೀ ಪುಸ್ತಕ ಅದು. ಅದು ಕೈಬಿಟ್ಟರೆ, ಇಪ್ಪತ್ತು ಶಿವನಾಮವಿದ್ದರೂ, ಆ ಯಂತ್ರ ಆ ಮನೆಯಲ್ಲಿರುವುದಕ್ಕೆ ನೆಪ ಉಳಿಯುತ್ತಿರಲಿಲ್ಲ. ಮೇಷ್ಟ್ರು ಒಂದು ವಾಕ್ಯ ಹೇಳುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ಬಲಗೈಯನ್ನು ತೆನೆ ಹಿಡಿದವರ ಹಾಗೆ ಗಾಳಿಯಲ್ಲಿ ನಿಲ್ಲಿಸಿ, ಐವತ್ತು ವರ್ಷ ಹಿಂದಿನ ಯಾವುದೋ ಗದ್ದೆಗೆ ಇಳಿದುಬಿಡುತ್ತಿದ್ದರು. ಅವರು ಬದುವಿನ ಮೇಲೆ ನಡೆದು, ತೆನೆ ಮುಟ್ಟಿ, ಮೂಸಿ, ಕಾಳು ಕಚ್ಚಿ ನೋಡಿ ವಾಪಸು ಬರಲು ಎರಡೋ ಮೂರೋ ನಿಮಿಷ ಬೇಕು. ನಾನು ಯಂತ್ರಕ್ಕೆ ಕೊಟ್ಟಿದ್ದ ತಾಳ್ಮೆ ಒಂದು ನಿಮಿಷ.

ಮೊದಲ ಸಲ ಅವರು ಕಣ್ಣು ಬಿಟ್ಟಾಗ ಎದುರಿಗೆ ಕಪ್ಪು ಪರದೆ. ಮೇಷ್ಟ್ರು ಕೈ ಇಳಿಸಿದರು. "ಮಲಗ್ತಾ?" ಎಂದರು. ಅಕ್ಕ ಒಂದು ಗುಂಡಿ ಒತ್ತಿ ಎಬ್ಬಿಸಿದಳು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ, ಅವರು ಕಣ್ಣು ಮುಚ್ಚಿದ್ದಾಗ ಪರದೆ ಆರದಿರಲೆಂದು ಅಕ್ಕ ಮೆತ್ತಗೆ ಗುಂಡಿಗಳನ್ನು ಕುಟ್ಟುತ್ತ ಕೂತಳು. ಆ ಕಟಕಟಕ್ಕೆ ಮೇಷ್ಟ್ರು ಗದ್ದೆಯ ಅರ್ಧದಿಂದಲೇ ಓಡಿಬಂದರು. "ಮೂವತ್ತೈದು ವರ್ಷ ಪಾಠ ಮಾಡಿದೀನಮ್ಮ, ಕ್ಲಾಸಲ್ಲಿ ಹುಡುಗ್ರು ತೂಕಡ್ಸಿದ್ರು. ಒಪ್ಕತೀನಿ. ಆದ್ರೆ ಮೊದಲನೇ ಬೆಂಚಲ್ಲೇ ಕೂತು ನನ್ನ ಮುಖದ ಮೇಲೇ ಮಲಗಿದೋರು ಇಲ್ಲ" ಎಂದರು.

ನಾಲ್ಕನೆಯ ಸಲ ಅಕ್ಕ ಹಾಲು ಉಕ್ಕಿತೆಂದು ಒಳಗೆ ಓಡಿದಳು, ಬರುವಷ್ಟರಲ್ಲಿ ಐದು ನಿಮಿಷ ದಾಟಿ ಇಡೀ ಯಂತ್ರ ಗಾಢನಿದ್ರೆಗೆ ಇಳಿದಿತ್ತು. ಆ ಯಂತ್ರಕ್ಕೆ ಗಾಢನಿದ್ರೆಗೆ ಇಳಿಯುವ ದಾರಿ ಗೊತ್ತಿತ್ತೇ ವಿನಾ ಹತ್ತಿ ಬರುವ ದಾರಿ ಗೊತ್ತಿರಲಿಲ್ಲ. ಆರಿಸಿ ಹಚ್ಚಬೇಕಾಯಿತು. ಉಳಿಸಿಟ್ಟಿರದ ಎರಡು ಪುಟಗಳು ಹೋದವು. ಮೇಷ್ಟ್ರು ಎದ್ದು ನಿಂತು, ಶಲ್ಯ ಹೆಗಲಿಗೆ ಹಾಕಿಕೊಂಡು, ನಿಧಾನವಾಗಿ ಹೇಳಿದರು: "ತಾಳಗುಂದದ ಕಂಬ ನೋಡಿದೀಯೇನಮ್ಮ? ಕರೆಂಟಿಲ್ದೆ ಸಾವಿರ ವರ್ಷದ ಮೇಲಾಯ್ತು ಅಕ್ಷರ ಹಿಡ್ಕೊಂಡು ನಿಂತೈತೆ, ಒಂದು ದಿನ ಕಣ್ಮುಚ್ಚಿಲ್ಲ. ನಾಳೆ ಒಂದಿನ ನೋಡ್ತೀನಿ. ಇಲ್ಲಾಂದ್ರೆ ಸಾಗರಕ್ಕೆ ಹೋಗಿ ಅಚ್ಚಿನ ಮೊಳೆ ಜೋಡ್ಸೋ ಪ್ರೆಸ್ಸಿಗೇ ಕೊಡ್ತೀನಿ."

ಓದುಗರೇ, ನೀವೀಗ ಕೇಳುತ್ತಿದ್ದೀರಿ: ಒಂದು ನಿಮಿಷವನ್ನು ಹತ್ತು ಮಾಡಿದರೆ ಮುಗಿಯಿತಲ್ಲ ಎಂದು. ಮುಗಿಯುತ್ತಿತ್ತು. ಆದರೆ ಬ್ರಹ್ಮನಿಗೂ ಸಾಧ್ಯವಿಲ್ಲವೆಂದು ಸಾರಿದ್ದನ್ನು ಮೂರೇ ದಿನದಲ್ಲಿ ನಾನು, ಶಿಕಾರಿಪುರದ ಬಸವರಾಜ, ಮಾಡಿಬಿಟ್ಟರೆ ಬ್ರಹ್ಮನ ಗತಿಯೇನು? ಬ್ರಹ್ಮನ ಮಾನಕ್ಕಿಂತ ನನ್ನ ಮಾನ ನನಗೆ ದೊಡ್ಡದಿತ್ತು. ಆ ಸಂಜೆ ನಾನು ಗಲ್ಲಕ್ಕೆ ಕೈಹಚ್ಚಿ ಕೂತು, "ಮೌಸು ಅಲ್ಲಾಡ್ತಾ ಇದ್ರ ಅದು ಮಲಗಂಗಿಲ್ಲ. ಯಾರಾದ್ರೂ ಅಲ್ಲಾಡಿಸ್ತಾ ಕೂರಬೇಕು" ಎಂದೆ. ಕಂಪ್ಯೂಟರಿಗೆ ಬೆನ್ನು ಹಾಕಿ ಮೂಲೆಯಲ್ಲಿ ಕೂತು, ಅಕ್ಕನ ಮಗುವಿನ ತೊಟ್ಟಿಲನ್ನು ಹಗ್ಗ ಎಳೆದು ತೂಗುತ್ತಿದ್ದ ಅಜ್ಜಿ, ಅಂದರೆ ಮಾವನವರ ತಾಯಿ, ತಿರುಗದೆಯೇ ಹೇಳಿದರು:

"ನಾನು ಹೆಂಗೂ ದಿನಾ ತೂಗ್ತೀನಿ. ಅದಕ್ಕೂ ಒಂದು ಹಗ್ಗ ಕಟ್ರೋ."

ಬೇರೆ ಮನೆಯಲ್ಲಾಗಿದ್ದರೆ ಇದು ಮುದುಕಿಯ ಮಾತಾಗಿ ಗಾಳಿಯಲ್ಲಿ ಹೋಗುತ್ತಿತ್ತು. ಹಗ್ಗದ ವ್ಯಾಪಾರಿಗಳ ಮನೆಯಲ್ಲಿ ಅದು ಯೋಜನೆಯಾಯಿತು. ಭಾವ, ವಾರಗಟ್ಟಲೆ ಬಾಯಿ ಬಿಡದ ನಮ್ಮ ಭಾವ, ಅಂಗಡಿಯಿಂದ ಹತ್ತಿಯ ಹುರಿ ತಂದು, ಎಳೆದು ನೋಡಿ, "ಇದು ಹಿಗ್ಗುತ್ತೆ" ಎಂದು ವಾಪಸಿಟ್ಟು, ಬಿಗಿಯಾಗಿ ಹೊಸೆದ ಇನ್ನೊಂದನ್ನು ತಂದ. ಎತ್ತಿಗೆ ಹಾಕುವ ಮೂಗುದಾರದ ಗಂಟನ್ನೇ ಮೌಸಿನ ಕುತ್ತಿಗೆಗೆ ಹಾಕಿ, ಇನ್ನೊಂದು ತುದಿಯನ್ನು ತೊಟ್ಟಿಲಿಗೆ ಕಟ್ಟಿದ. ತೊಟ್ಟಿಲು ಆಚೆ ಹೋದರೆ ಮೌಸು ಅದರ ಹಿಂದೆ ಜಾರಬೇಕು. ತೊಟ್ಟಿಲು ಈಚೆ ಬಂದಾಗ ಅದು ಹಿಂದಕ್ಕೆ ಸರಿಯಲೆಂದು, ಮೇಜಿನ ಇನ್ನೊಂದು ಅಂಚಿನಿಂದ ಅಂಗಡಿಯ ತಕ್ಕಡಿಯ ಹಿತ್ತಾಳೆ ಬಟ್ಟೊಂದನ್ನು ಇಳಿಬಿಟ್ಟ. ಇಷ್ಟನ್ನೂ ಮಾಡಿ ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವನ ಮುಖದಲ್ಲಿದ್ದ ಶಾಂತಿ ನನಗೆ ಇವತ್ತಿಗೂ ಅಸೂಯೆ ತರುತ್ತದೆ. ಮಾವನವರಿಗೆ ಹೇಳುವುದು ಬೇಡವೆಂದು ಎಲ್ಲರೂ ಮಾತಿಲ್ಲದೆ ಒಪ್ಪಿಕೊಂಡೆವು.

ಮರುದಿನ ಮೇಷ್ಟ್ರು ಕಣ್ಣು ಮುಚ್ಚಿದರು, ಅಜ್ಜಿ ತೂಗಿದರು, ತೊಟ್ಟಿಲು ತೂಗಿತು, ಮೌಸು ತೂಗಿತು, ಪರದೆಯ ಮೇಲೆ ಬಾಣದ ಗುರುತು ಅಂಬ್ಲಿಗೊಳದ ಮೀನಿನ ಹಾಗೆ ಅತ್ತಿಂದಿತ್ತ ಈಜಾಡಿತು. ಮೇಷ್ಟ್ರು ಕಣ್ಣು ಬಿಟ್ಟಾಗ ಪರದೆ ಬೆಳಗುತ್ತಿತ್ತು. ಅವರಿಗೆ ತೃಪ್ತಿಯಾಯಿತು. "ಈಗ ಕೇಳ್ತೈತೆ. ತಲೆನೂ ಆಡಿಸ್ತೈತೆ" ಎಂದರು. ಅಕ್ಕನಿಗೆ ಎಲ್ಲಾದರೂ ಬಾಣದ ಗುರುತಿನ ಅಗತ್ಯ ಬಿದ್ದರೆ ಮಾತ್ರ "ಅಜ್ಜಿ, ನಿಲ್ಸಿ" ಎನ್ನಬೇಕಿತ್ತು.

ಆದರೆ ಈ ಸೃಷ್ಟಿಯಲ್ಲೊಂದು ವಿಚಿತ್ರ ನಿಯಮವಿತ್ತು. ಮಗು ಮಲಗಿದ್ದರೆ ಕಂಪ್ಯೂಟರಿಗೆ ಎಚ್ಚರ. ಮಗು ಎಚ್ಚರವಾಗಿ ಅಜ್ಜಿಯ ಸೊಂಟವೇರಿದರೆ ತೊಟ್ಟಿಲು ನಿಂತು ಕಂಪ್ಯೂಟರಿಗೆ ನಿದ್ದೆ. ಹೀಗಾಗಿ ಮೇಷ್ಟ್ರು ಬಂದೊಡನೆ ಭತ್ತದ ವಿಷಯಕ್ಕಿಂತ ಮೊದಲು ಮಗುವಿನ ನಿದ್ದೆಯ ವಿಷಯ ವಿಚಾರಿಸತೊಡಗಿದರು. ಒಂದು ದಿನವಂತೂ ಮಗುವನ್ನು ಪಕ್ಕದ ಮನೆಯವರು ಎತ್ತಿಕೊಂಡು ಹೋಗಿ ಅಲ್ಲೇ ಉಳಿಸಿಕೊಂಡುಬಿಟ್ಟರು. ತೂಗೋಣವೆಂದರೆ ತೊಟ್ಟಿಲು ಖಾಲಿ. ಖಾಲಿ ತೊಟ್ಟಿಲು ತೂಗುವುದು ಕೇಡೆಂದು ಅಜ್ಜಿ ಹಗ್ಗ ಕೆಳಗಿಟ್ಟರು. ಎಷ್ಟು ಹೇಳಿದರೂ ಮುಟ್ಟಲಿಲ್ಲ. ಪರದೆ ಕಪ್ಪಾಯಿತು, ಮೇಷ್ಟ್ರು ಶಲ್ಯಕ್ಕೆ ಕೈ ಹಾಕಿದರು. ಆಗ ಅಜ್ಜಿಗೇ ಹೊಳೆಯಿತು. ನಾಮಕರಣದ ದಿನ ಮಗುವನ್ನು ಮಲಗಿಸುವ ಮುಂಚೆ ತೊಟ್ಟಿಲಿಗೆ ಗುಂಡುಕಲ್ಲು ಹಾಕಿ ತೂಗುವ ಪದ್ಧತಿ ನಮ್ಮಲ್ಲಿದೆಯಷ್ಟೆ. ಅಡುಗೆಮನೆಯ ಒರಳಿನ ಗುಂಡುಕಲ್ಲನ್ನು ನನ್ನಿಂದ ಹೊರಿಸಿ ತಂದು, ತೊಳೆಸಿ, ಮಗುವಿನ ಕುಲಾವಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿ, ಜೋಗುಳ ಸಮೇತ ತೂಗಿದರು. ಜೋಗುಳ ಯಾಕೆ ಎಂದು ನಾನು ಕೇಳಿದ್ದಕ್ಕೆ, "ಸುಮ್ನೆ ತೂಗಿದ್ರೆ ಕಲ್ಲು ಅಂತ ಗೊತ್ತಾಗಲ್ವ?" ಎಂದರು. ಯಾರಿಗೆ ಗೊತ್ತಾಗುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕಲ್ಲು ಮಗುವಿಗಿಂತ ಒಳ್ಳೆಯದೆಂದು ಬೇಗನೇ ಸಾಬೀತಾಯಿತು. ಅದು ಎದ್ದು ಅಳುತ್ತಿರಲಿಲ್ಲ. ಅಂದಿನಿಂದ ಮೇಷ್ಟ್ರ ಹೊತ್ತಿಗೆ ಮಗುವೇ ಪಕ್ಕದ ಮನೆಗೆ, ಕಲ್ಲು ತೊಟ್ಟಿಲಿಗೆ ಎಂದಾಯಿತು.

ಇನ್ನುಳಿದದ್ದು ಜಗಲಿ. ಪರದೆ ಮಲಗದ ಮೇಲೆ ಹನ್ನೊಂದರ ಜಪ ಮತ್ತೆ ಹದಿಮೂರಕ್ಕೆ ಇಳಿಯುವುದು ಖಂಡಿತ. ಅಲ್ಲಿ ನನ್ನ ಮೊದಲನೆಯ ವಿದ್ಯೆ ನೆರವಿಗೆ ಬಂತು. ಯೋಚಿಸಿ ನೋಡಿ: ಚಕ್ರದ ವೇಗ ನಮ್ಮ ಕೈಯಲ್ಲಿಲ್ಲ, ಸರಿ, ಜಪದ ವೇಗ ಯಾರ ಕೈಯಲ್ಲಿದೆ? ನಾನು ಭಕ್ತಿಯಿಂದ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಮಾವನವರದೇ ದನಿಯಲ್ಲಿ, ಅವರ ಜೊತೆಜೊತೆಗೆ ಜಪಿಸತೊಡಗಿದೆ. ಮೊದಲು ಅವರ ಲಯದಲ್ಲೇ, ಆಮೇಲೆ ಒಂದು ಕೂದಲೆಳೆ ಮುಂದೆ, ಆಮೇಲೆ ಎರಡು. ತಮ್ಮದೇ ದನಿ ಪಕ್ಕದಲ್ಲಿ ಮುಂದೆ ಓಡುತ್ತಿದ್ದರೆ ಮನುಷ್ಯ ಹಿಂದೆ ಉಳಿಯಲಾರ. ಮೊದಲ ದಿನ ಹದಿನೇಳು, ಎರಡನೆಯ ದಿನ ಇಪ್ಪತ್ತು, ಮೂರನೆಯ ದಿನ ಇಪ್ಪತ್ತೊಂದು. ಒಂದು ವಾರದಲ್ಲಿ ಪರಶಿವನ ಹೆಸರು ಆ ಜಗಲಿಯಲ್ಲಿ ಭತ್ತದ ಮಿಲ್ಲಿನ ಬೆಲ್ಟಿನ ಸದ್ದಿನಂತೆ ಕೇಳಿಸುತ್ತಿತ್ತು. ಮನೆಯ ವಿದ್ಯುತ್ತು ಒಂದಿಷ್ಟೂ ಉಳಿಯಲಿಲ್ಲ, ಪುಣ್ಯ ಮಾತ್ರ ಧಾರಾಳ ಖರ್ಚಾಯಿತು.

ನನ್ನ ಲೆಕ್ಕಕ್ಕೆ ಸಿಗದೇ ಉಳಿದದ್ದು ಅವರ ಗಂಟಲು. ಅಷ್ಟು ವೇಗಕ್ಕೆ ಅದು ಒಣಗಿತು. ಒಂದು ದಿನ ಇಪ್ಪತ್ತೊಂದು ಮುಗಿಸಿ ಅವರು ನನಗೂ ಹೇಳದೆ ತಟ್ಟನೆ ಎದ್ದು, ನೀರಿಗೆ ಅಡುಗೆಮನೆಗೆ ನಡುಮನೆಯ ಮೂಲಕವೇ ಹೋದರು. ಹೊಸ್ತಿಲಲ್ಲಿ ನಿಂತರು. ನಾನು ಅವರ ಬೆನ್ನ ಹಿಂದೆ ನಿಂತೆ.

ಅವರ ತಾಯಿ ಕುಲಾವಿ ತೊಟ್ಟ ಒಂದು ಗುಂಡುಕಲ್ಲಿಗೆ ಜೋಗುಳ ಹಾಡುತ್ತಿದ್ದರು. ತೊಟ್ಟಿಲಿನಿಂದ ಹೊರಟ ಹಗ್ಗ, ಅವರದೇ ಅಂಗಡಿಯದು, ಮೌಸಿನ ಮೂಗುದಾರವಾಗಿತ್ತು. ಹಿತ್ತಾಳೆಯ ಬಟ್ಟು ಏರಿಳಿಯುತ್ತಿತ್ತು. ಪರದೆ ಹಬ್ಬದ ಹಾಗೆ ಉರಿಯುತ್ತಿತ್ತು. ಅದರ ಮುಂದೆ ಕೆರಿಯಪ್ಪ ಮೇಷ್ಟ್ರು ಕಣ್ಣು ಮುಚ್ಚಿ, ಕೈ ಎತ್ತಿ, ಯಾವುದೋ ಗದ್ದೆಯಲ್ಲಿದ್ದರು. ಮಗನನ್ನು ಕಂಡು ಅಜ್ಜಿಯ ಕೈ ನಿಂತಿತು. ಮಾವನವರು ದನಿ ಏರಿಸಲಿಲ್ಲ.

"ಅವ್ವ, ಕಲ್ಲು ಯಾಕೆ ತೂಗ್ತಿದೀಯ?"

"ಖಾಲಿ ತೊಟ್ಟಿಲು ತೂಗಬಾರ್ದಲ್ಲಪ್ಪ."

"ತೊಟ್ಟಿಲು ಯಾಕೆ ತೂಗ್ತಿದೀಯ?"

"ಕಂಪ್ಯೂಟ್ರು ಮಲಗಬಾರ್ದಲ್ಲಪ್ಪ."

"ಅದು ಮಲಗ್ಲಿ ಅಂತಲ್ವೇನವ್ವ, ಇವನು ಶಿಕಾರಿಪುರದಿಂದ ಬಂದಿದ್ದು?"

"ಹೌದಪ್ಪ. ಅವನು ಮಲಗಿಸ್ತಾನೆ, ನಾನು ಎಬ್ಬಿಸ್ತೀನಿ."

ಮಾವನವರು ನನ್ನ ಕಡೆ ತಿರುಗದೆ, "ಏಣಿ ತಗಂಬಾ. ಅಟ್ಟಕ್ಕೆ ಹಾಕು, ಪೆಟ್ಟಿಗೆ ಇಳಿಸ್ತೀನಿ" ಎಂದರು. ಅಕ್ಕ ಕುರ್ಚಿಯಿಂದ ಏಳಲಿಲ್ಲ. ಅವಳ ಹತ್ತು ಬೆರಳೂ ಗುಂಡಿಗಳ ಮೇಲೆ ಹಾಗೇ ಇದ್ದವು, ಒಂದನ್ನೂ ಒತ್ತದೆ. ನಾನು ಅವಳ ಮುಖ ನೋಡದೆ ಏಣಿ ತಂದು ಗೋಡೆಗೆ ಆನಿಸಿದೆ.

ಇಷ್ಟಾದರೂ ಮೇಷ್ಟ್ರು ಗದ್ದೆಯಿಂದ ಮೇಲೆ ಬಂದಿರಲಿಲ್ಲ. ಮೂರು ದಿನದಿಂದ ಅವರಿಗೊಂದು ತಳಿಯ ಹೆಸರು ನೆನಪಾಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಗೊಣಗಿದರು: "ಕಾಳು ಸಣ್ಣದು... ಮೂತಿ ಕೆಂಪು... ಹುಲ್ಲು ಆಳೆತ್ತರ. ಅದರ ಹುಲ್ಲು ಹೊಸೆದ್ರೆ ಹಗ್ಗ ಮೂರು ಮಳೆಗಾಲ ತಡೀತಿತ್ತು..."

ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಮಾವನವರು ನಿಂತರು.

"ಮಾರುಜಡೆ" ಎಂದರು.

ಮೇಷ್ಟ್ರು ಕಣ್ಣು ಬಿಟ್ಟರು. "ಮಾರುಜಡೆ" ಎಂದು ತಾವೂ ಒಮ್ಮೆ ಹೇಳಿ ನೋಡಿದರು, ಬಾಯಲ್ಲಿ ಹಾಕಿಕೊಂಡ ಕಾಳಿನ ಹಾಗೆ. "ಅದೇ. ನಿಮಗೆ ಹೆಂಗ್ರೀ ಗೊತ್ತು?"

"ನಮ್ಮಪ್ಪ ಅಂಗಡಿ ಶುರು ಮಾಡಿದ್ದೇ ಆ ಹುಲ್ಲಿನ ಹಗ್ಗದಲ್ಲಿ. ಒಂದೊಂದು ಎಳೆ ಒಂದೊಂದು ಮಾರು ಉದ್ದ. ಬರ್ಕ ಗಿರಿಜಾ."

ಗಿರಿಜಾ ಬರೆದುಕೊಳ್ಳುವುದೆಲ್ಲಿ? ತೊಟ್ಟಿಲು ನಿಂತು ಒಂದು ನಿಮಿಷ ಕಳೆದಿತ್ತು. ಪರದೆ ಕಪ್ಪು, ಮೂಲೆಯಲ್ಲಿ ಕಿತ್ತಳೆ ದೀಪ. ಮಾವನವರು ಏಣಿಯಿಂದ ಕಾಲು ತೆಗೆದರು, ಬಾಗಿದರು, ತಾಯಿಯ ಕೈಯಿಂದ ಹಗ್ಗ ತೆಗೆದುಕೊಂಡು, ಅದರ ಹೊಸೆತವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿ, ಎಳೆದರು. ಕಲ್ಲು ತೂಗಿತು. ಮೌಸು ಜಾರಿತು. 'ಟಣ್' ಎಂದು ಪರದೆ ಬೆಳಗಿತು. ಅಕ್ಕನ ಬೆರಳುಗಳು ಓಡಿದವು.

ಆಮೇಲಿನದು ನಾನು ನೋಡಿದ ಅತ್ಯಂತ ವಿಲಕ್ಷಣ ಅರ್ಧಗಂಟೆ. ಮಾವನವರು ಮೇಷ್ಟ್ರ ಪಕ್ಕ ಕೂತು, ಅಪ್ಪ ಹುಲ್ಲು ನೆನೆಹಾಕುತ್ತಿದ್ದದ್ದು, ಎಳೆ ಆಯುತ್ತಿದ್ದದ್ದು, ಇಬ್ಬರು ಎದುರುಬದುರು ನಿಂತು ಹೊಸೆಯುತ್ತಿದ್ದದ್ದು ಎಲ್ಲವನ್ನೂ ಹೇಳಿದರು. ಆ ಹುಲ್ಲಿನ ವಾಸನೆ ಹೇಗಿತ್ತೆಂದು ಹೇಳಲು ಹೊರಟು ನಿಲ್ಲಿಸಿದರು. ಕಣ್ಣು ಮುಚ್ಚಿದರು. ಕೈಯಲ್ಲಿದ್ದ ಹಗ್ಗ ಮರೆತುಹೋಯಿತು. ಅಜ್ಜಿಯೂ ಎಳೆಯಲಿಲ್ಲ, ಗಂಡನ ಮಾತು ಬಂದಿದ್ದರಿಂದಲೋ ಏನೋ, ಅವರೂ ಬೇರೆಲ್ಲೋ ಇದ್ದರು. ಮಾವನವರು ಕಣ್ಣು ಬಿಟ್ಟಾಗ ಪರದೆ ಅವರ ಮುಖದ ಮೇಲೇ ಕಪ್ಪಾಗಿತ್ತು.

"ಹೇಳ್ತಾ ಇದ್ನಲ್ಲ" ಎಂದರು ಅವರು ಪರದೆಗೆ. ದನಿಯಲ್ಲಿ ಕೋಪವಿರಲಿಲ್ಲ, ಸಣ್ಣ ನೋವಿತ್ತು. ಆ ದನಿಯನ್ನು ನಾನು ಎಷ್ಟೋ ಸಲ ತೆಗೆಯಲು ನೋಡಿದ್ದೇನೆ, ಬಂದಿಲ್ಲ. ಸುಮ್ಮನಿರುವವರೆಲ್ಲ ಕೆಲಸವಿಲ್ಲದೆ ಸುಮ್ಮನಿರುತ್ತಾರೆಂದು ನಾನು ಯಂತ್ರಕ್ಕೆ ಹೇಳಿಕೊಟ್ಟಿದ್ದೆ. ನಾನೇ ಹಾಗೆ ತಿಳಿದಿದ್ದೆ. ಒಂದು ನಿಮಿಷ ಬಾಯಿ ಮುಚ್ಚಿದ ಅನುಭವವಿದ್ದರಲ್ಲವೇ, ಆ ನಿಮಿಷದೊಳಗೆ ಮನುಷ್ಯ ಎಷ್ಟು ದೂರ ಹೋಗಿ ಬರಬಲ್ಲ ಎಂದು ತಿಳಿಯುವುದು?

ಮಾವನವರು ನನ್ನ ಕಡೆ ತಿರುಗಿ, "ಇದನ್ನ ಒಂಚೂರು ಸಡ್ಲ ಮಾಡೋಕೆ ಬರಲ್ವೇನೋ?" ಎಂದರು. ನಾನು ಬ್ರಹ್ಮನ ಹೆಸರೆತ್ತಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಮೌಸಿನ ಮೂಗುದಾರ ಬಿಚ್ಚಿ, ನಾಲ್ಕು ಸಲ ಒತ್ತಿ, ಒಂದನ್ನು ಹತ್ತು ಮಾಡಿದಳು. ಬಹಳವೆಂದರೆ ಒಂದು ಪಂಚಾಕ್ಷರಿಯ ಹೊತ್ತು. ಆಮೇಲೆ ಅಡುಗೆಮನೆಯಲ್ಲಿ, ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. "ಎಲ್ರ ಮುಂದ ಬ್ರಹ್ಮನ್ನ ಸಾಕ್ಷಿಗೆ ಕರೆದಿದ್ದಿ. ನಾನು ನಾಲ್ಕು ಸಲ ಒತ್ತಿ ಅದನ್ನ ಸುಳ್ಳು ಮಾಡಿದ್ರ, ಈ ಮನಿಯಾಗ ಇನ್ನ ನಮ್ಮೂರಿನ ಮಾತು ಯಾರು ನಂಬ್ತಾರ?" ಎಂದಳು. ಎರಡು ಪುಟ ಕಳೆದುಕೊಂಡು, ಒಂದು ಕಲ್ಲಿಗೆ ಕುಲಾವಿ ಹಾಕಿಸಿಕೊಂಡು, ಅವಳು ತವರಿನ ಮಾನ ಕಾದಿದ್ದಳು. ಏಣಿ ಗೋಡೆಯಿಂದ ಕೆಳಗಿಳಿಯಿತು, ಪೆಟ್ಟಿಗೆಗಳು ಅಟ್ಟದಲ್ಲೇ ಉಳಿದವು. ಗುಂಡುಕಲ್ಲು ಒರಳಿಗೆ ಹಿಂತಿರುಗಿತು. ಅದರ ಮೇಲೆ ಮಮತೆ ಬಂದಿದೆಯೆಂದು ಅಜ್ಜಿ ಎರಡು ದಿನ ಚಟ್ನಿ ಅರೆಯಲು ಬಿಡಲಿಲ್ಲ.

ಈಗಲೂ ಎಲ್ಲಾದರೂ ಒಂದು ಪರದೆ ಕಪ್ಪಾಗಿ ಮೂಲೆಯಲ್ಲಿ ಕಿತ್ತಳೆ ದೀಪ ಹತ್ತಿದರೆ, ಕರೆಂಟು ಉಳಿಯಿತು ಎಂಬುದಕ್ಕಿಂತ ಮೊದಲು, ಪಾಪ, ಯಾರು ಏನನ್ನು ನೆನಪು ಮಾಡಿಕೊಳ್ಳುತ್ತಿದ್ದರೋ ಎಂದು ಅನ್ನಿಸುತ್ತದೆ. ಹೊರಡುವ ದಿನ ಚೀಲ ಹೆಗಲಿಗೆ ಹಾಕಿಕೊಂಡು ಜಗಲಿಗೆ ಬಂದಾಗ ಮಾವನವರು ಮೀಟರಿನ ಎದುರೇ ಕೂತಿದ್ದರು, ತಮ್ಮ ಹಳೆಯ ನಿಧಾನದ ಲಯದಲ್ಲಿ. ನನ್ನ ಬಾಯಿ ಸುಮ್ಮನಿರಬೇಕಲ್ಲ. ಅವರದೇ ದನಿಯಲ್ಲಿ, ಮೊದಲು ಉಸಿರು, ಆಮೇಲೆ ಮಾತು, ಆಮೇಲೆ ಕೆಮ್ಮು, ಅದೇ ಕ್ರಮದಲ್ಲಿ, "ಹಂಗಾರೆ ಹತ್ತು ನಿಮಿಷಕ್ಕೆ ಒಪ್ಪಿಗೆ ಆಯ್ತು ಅನ್ರಿ" ಎಂದೆ. ಅವರು ಚಕ್ರದ ಮೇಲಿನ ಕಣ್ಣು ತೆಗೆಯಲಿಲ್ಲ. ಕೆಂಪು ಗುರುತು ಬರುವ ತನಕ ಕಾದು, ಎಣಿಕೆ ಮುಗಿಸಿ, ಒಳಗಿದ್ದ ಅಕ್ಕನಿಗೆ ಕೇಳುವ ಹಾಗೆ ಹೇಳಿದರು:

"ಗಿರಿಜಾ, ಅದಕ್ಕೆ ಹತ್ತು ನಿಮಿಷ ಇರ್ಲಿ. ಆ ತೆಗೆದ ಒಂದು ನಿಮಿಷದ ಸೆಟ್ಟಿಂಗು ದಂಡ ಮಾಡಬೇಡ, ನಿನ್ನ ತಮ್ಮನ ಬಾಯಿಗೆ ಹಾಕಿ ಬಸ್ ಹತ್ಸು."